ಕುದುರೆಯ ನಾಲ್ಕನೆಯ ಬೆರಳು

ಅನಾಹುತದ ಮೂಲ ಒಂದು ಟಬ್ಬು ಸೋಪಿನ ನೀರು. ಈ ಸಂಗತಿಯನ್ನು ಹೇಳುವವರು ಉಳಿದ ವಿವರಗಳಲ್ಲಿ ಎಷ್ಟೇ ಜಗಳವಾಡಲಿ, ಇದೊಂದನ್ನು ಎಲ್ಲರೂ ಒಪ್ಪುತ್ತಾರೆ. ಆ ನೀರನ್ನು ತುಂಬಿಸಿದ್ದು ಒಳ್ಳೆಯ ಮನಸ್ಸಿನಿಂದಲೇ ಎಂಬುದನ್ನೂ ಒಪ್ಪುತ್ತಾರೆ. ಒಳ್ಳೆಯ ಮನಸ್ಸಿನ ಬೆಂಬಲವಿಲ್ಲದೆ ಬರಿಯ ಸೋಪಿನ ನೀರಿಗೆ ಅಷ್ಟು ಕೆಡುಕು ಮಾಡುವ ಶಕ್ತಿ ಎಲ್ಲಿಂದ ಬರಬೇಕು?

ಅದೊಂದು ವಸ್ತುಸಂಗ್ರಹಾಲಯ. ಅದರ ನೆಲಮಾಳಿಗೆಯಲ್ಲಿ ಮೂಳೆ ಜೋಡಿಸುವವನೊಬ್ಬನಿದ್ದ. ಬೆರಳಿಗೆ ಸದಾ ಗೋಂದು ಮೆತ್ತಿಕೊಂಡಿರುತ್ತಿದ್ದುದರಿಂದ ಹುಟ್ಟಿನ ಹೆಸರು ಮರೆತುಹೋಗಿ, ಕಟ್ಟಡದವರಿಗೆಲ್ಲ ಅವನು ಗೋಂದಣ್ಣನಾಗಿದ್ದ. ಹನ್ನೊಂದು ವರ್ಷದಿಂದ ಅವನು ಕೆಲಸ ಮಾಡುತ್ತಿದ್ದ ಕೋಣೆಗೆ ಬಾಗಿಲಿತ್ತು, ಟ್ಯೂಬ್‌ಲೈಟಿತ್ತು, ಗೋಡೆಯ ತುಂಬ ತೇವವಿತ್ತು; ಕಿಟಕಿ ಮಾತ್ರ ಇರಲಿಲ್ಲ. ಹೊರಗೆ ಮಳೆ ಬರುತ್ತಿದೆಯೇ ಎಂಬುದನ್ನು ಅವನು ಮೆಟ್ಟಿಲಿಳಿದು ಬರುವವರ ಕೊಡೆ ನೋಡಿ ತಿಳಿಯಬೇಕಿತ್ತು. ಅವನ ಕೆಮ್ಮಿಗೂ ಅಲ್ಲಿನ ಕೆಲಸಕ್ಕೂ ಒಂದೇ ವಯಸ್ಸು.

ಎರಡನೆಯ ಮಹಡಿಯಲ್ಲಿ ನಕ್ಷೆಗಳ ಕೋಣೆ ಖಾಲಿ ಬಿದ್ದಿತ್ತು. ಅದಕ್ಕೆ ಎರಡು ಕಿಟಕಿ; ಒಂದರ ಆಚೆ ಮರ, ಇನ್ನೊಂದರ ಆಚೆ ಆಕಾಶ. ಮುಖ್ಯಸ್ಥರು ಎಂಟು ತಿಂಗಳ ಹಿಂದೆ ಮಾತು ಕೊಟ್ಟಿದ್ದರು: "ಆ ಕುದುರೆ ಎದ್ದು ನಿಂತ ದಿನ ಆ ಕೋಣೆಯ ಬೀಗದ ಕೈ ನಿಮ್ಮ ಕೈಲಿರುತ್ತೆ, ಗೋಂದಣ್ಣ."

ಆ ಕುದುರೆಯೆಂದರೆ ಮೂರು ಕೋಟಿ ವರ್ಷಗಳ ಹಿಂದೆ ಸತ್ತ, ಇಂದಿನ ಕುದುರೆಗೆ ಮುತ್ತಜ್ಜನ ಮುತ್ತಜ್ಜನಾಗಬೇಕಾದ ಪ್ರಾಣಿ. ಎತ್ತರದಲ್ಲಿ ಕುರಿಗಿಂತ ಅಷ್ಟಿಷ್ಟು ಹೆಚ್ಚು. ಅದರ ಒಂದೊಂದು ಕಾಲಿಗೂ ಮೂರು ಮೂರು ಬೆರಳು. ನಡುವಿನದು ದಪ್ಪ, ಅಕ್ಕಪಕ್ಕದವು ಸಣ್ಣ. ಮಣ್ಣಿನಡಿಯಲ್ಲಿ ಕಲ್ಲಾಗಿಹೋಗಿದ್ದ ಮೂಳೆಗಳಿಗೆ ಹುರಿದ ಕಾಫಿಬೀಜದ ಬಣ್ಣ ಬಂದಿತ್ತು. ತಲೆ, ಬೆನ್ನು, ಪಕ್ಕೆಲುಬು, ತೊಡೆ ಎಲ್ಲ ಜೋಡಿಸಿ ಮುಗಿದು, ಮೇಲಿನ ಹಜಾರದಲ್ಲಿ ಕಬ್ಬಿಣದ ಸರಳುಗಳ ಮೇಲೆ ಆ ಪ್ರಾಣಿ ನಿಂತಾಗಿತ್ತು. ಉಳಿದದ್ದು ನಾಲ್ಕು ಪಾದಗಳು ಮಾತ್ರ. ಆ ಪಾದದ ಮೂಳೆಗಳ ಮೇಲೆ, ಹಿಂದೆ ಇದ್ದ ಕೆಲಸಗಾರ ಒಂದೊಂದಕ್ಕೂ ಶಾಯಿಯಲ್ಲಿ ಸಣ್ಣ ನಂಬರು ಬರೆದಿದ್ದ. ಅವನ ಪುಸ್ತಕವನ್ನು ಗೆದ್ದಲು ತಿಂದುಹಾಕಿತ್ತು. ಯಾವ ಮೂಳೆ ಯಾವ ಕಾಲಿನದು ಎಂಬುದಕ್ಕೆ ಉಳಿದಿದ್ದ ಸಾಕ್ಷಿ ಆ ನಂಬರುಗಳೇ. ಬೆಳಿಗ್ಗೆ ಬಂದು ಅಂಟಿಸಿದರೆ ಸಂಜೆ ನಾಲ್ಕಕ್ಕೆ ಅನಾವರಣ ಎಂದು ಲೆಕ್ಕ ಹಾಕಿ, ಗೋಂದಣ್ಣ ಅವನ್ನೆಲ್ಲ ತಟ್ಟೆಯಲ್ಲಿಟ್ಟು ಹಿಂದಿನ ಸಂಜೆ ಮನೆಗೆ ಹೋಗಿದ್ದ.

ಬೆಳಿಗ್ಗೆ ಹೊರಡುವಾಗ ಹೆಂಡತಿ ಬಾಗಿಲಲ್ಲೇ ಎಚ್ಚರಿಸಿದ್ದಳು. "ಇವತ್ತು ಆ ಕಿಟಕಿ ತಗೊಂಡೇ ಬನ್ನಿ. ಇನ್ನೊಂದು ಚಳಿಗಾಲ ನಿಮ್ಮ ಕೆಮ್ಮು ಕೇಳೋಕೆ ನನ್ನ ಕೈಲಾಗಲ್ಲ. ಪಕ್ಕದ ಮನೆಯವರು ನಾಯಿ ಸಾಕಿದ್ದೀರಾ ಅಂತ ಕೇಳ್ತಾರೆ."

"ಇವತ್ತು ತಪ್ಪಲ್ಲ ಕಣೇ," ಎಂದಿದ್ದ ಗೋಂದಣ್ಣ.

ನೆಲಮಾಳಿಗೆಯ ಬಾಗಿಲು ತೆರೆದಾಗ ತಟ್ಟೆ ಖಾಲಿಯಿತ್ತು. ಪಕ್ಕದ ಮೇಜಿನ ಮೇಲೆ ಟವೆಲು ಹಾಸಿ, ಅದರ ಮೇಲೆ ಮೂಳೆಗಳನ್ನು ಒಗೆದ ಬಟ್ಟೆಯಂತೆ ಹರಡಲಾಗಿತ್ತು. ಒಂದೊಂದೂ ಫಳಫಳ ಹೊಳೆಯುತ್ತಿತ್ತು. ಒಂದರ ಮೇಲೂ ನಂಬರಿರಲಿಲ್ಲ.

ಗೋಂದಣ್ಣ ಮೇಜಿನತ್ತ ಧಾವಿಸಿದ. ಒಂದನ್ನು ಎತ್ತಿ ಬೆಳಕಿಗೆ ಹಿಡಿದ. ಇನ್ನೊಂದನ್ನು ಎತ್ತಿ ಮೂಸಿದ. ನಿಂಬೆಹಣ್ಣಿನ ಸೋಪಿನ ವಾಸನೆ.

"ಹೇಗಿದೆ?" ಎಂದು ಬಾಗಿಲಲ್ಲಿ ಧ್ವನಿ ಕೇಳಿತು. ಇಪ್ಪತ್ತು ವರ್ಷದಿಂದ ಆ ಕಟ್ಟಡ ಗುಡಿಸಿ ಒರೆಸುತ್ತಿದ್ದಾಕೆ. ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಪೊರಕೆಯನ್ನು ಕತ್ತಿಯಂತೆ ಹಿಡಿದು, ಹೊಗಳಿಕೆಗೆ ಕಾದು ನಿಂತಿದ್ದಳು. "ದೊಡ್ಡ ಮನುಷ್ಯರು ಬರೋ ದಿನ ಕಣಪ್ಪ. ನೋಡ್ತೀನಿ, ಒಂದೊಂದರ ಮೇಲೂ ಇರುವೆ ಹರಿದ ಹಾಗೆ ಶಾಯಿ ಕಲೆ! ನಾನು ಬಿಡ್ತೀನಾ? ನೀನು ಹೋದಮೇಲೆ ಟಬ್ಬಿಗೆ ಹಾಕಿ ಉಜ್ಜಿ ಉಜ್ಜಿ ತೆಗೆದೆ."

"ದೊಡ್ಡಮ್ಮ, ಅದು ಕಲೆ ಅಲ್ಲ. ನಂಬರು."

"ನಂಬರಾ? ಮೂಳೆಗೆ ಯಾಕಪ್ಪ ನಂಬರು, ಅದೇನು ಬಸ್ಸಾ?"

ಗೋಂದಣ್ಣ ಕುರ್ಚಿಯಲ್ಲಿ ಕುಸಿದು ತಲೆಯ ಮೇಲೆ ಕೈ ಹೊತ್ತ. ಅಂಗೈಯ ಹಳೆಯ ಗೋಂದು ಕೂದಲಿಗೆ ಅಂಟಿಕೊಂಡಿತು.

"ಅದಿರಲಿ, ನಿನ್ನ ಒಂದು ಮಾತು ಕೇಳಬೇಕಿತ್ತು. ಆ ಟಬ್ಬಲ್ಲಿ..."

"ದೊಡ್ಡಮ್ಮ, ಕೈ ಮುಗೀತೀನಿ. ಇವತ್ತು ನನ್ನ ಏನೂ ಕೇಳಬೇಡಿ."

"ಸರಿಯಪ್ಪ, ಒಳ್ಳೇದು ಮಾಡಿದ್ದಕ್ಕೆ ಮುಖ ಗಂಟು ಹಾಕ್ಕೋತಾನೆ," ಎಂದು ಗೊಣಗುತ್ತ, ಒಂದು ಕಾಲನ್ನು ತುಸು ಎಳೆದು ಹಾಕುತ್ತ ದೊಡ್ಡಮ್ಮ ಹೊರಟುಹೋದಳು.

ಗೋಂದಣ್ಣ ಮೂಳೆಗಳ ಟವೆಲನ್ನು ಗಂಟು ಕಟ್ಟಿ ಹಜಾರಕ್ಕೆ ಹೊತ್ತೊಯ್ದು, ಪಾದವಿಲ್ಲದ ಕುದುರೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತ. ನಾಲ್ಕು ಕಾಲಿನ ಮೂಳೆಗಳೂ ಮದುವೆಮನೆಯ ಚಪ್ಪಲಿಗಳಂತೆ ಬೆರೆತುಹೋಗಿದ್ದವು. ಎಡ ಯಾವುದು, ಬಲ ಯಾವುದು, ಮುಂದಿನದು ಯಾವುದು, ಹಿಂದಿನದು ಯಾವುದು? ಹನ್ನೊಂದು ವರ್ಷದ ಅಭ್ಯಾಸವನ್ನೆಲ್ಲ ಬೆರಳ ತುದಿಗೆ ತಂದುಕೊಂಡು, ಒಂದೊಂದನ್ನೂ ಇನ್ನೊಂದರ ಪಕ್ಕದಲ್ಲಿಟ್ಟು, ಕೀಲಿಗೆ ಕೀಲು ಹೊಂದಿಸಿ ನೋಡತೊಡಗಿದ.

ಹತ್ತೂವರೆಗೆ ಗುಮಾಸ್ತರು ಬಂದರು. ನಕ್ಷೆಗಳ ಕೋಣೆಯನ್ನು ಹಳೆಯ ಕಡತಗಳಿಗೆ ಕೊಡಬೇಕೆಂದು ಮೂರು ಅರ್ಜಿ ಬರೆದಿದ್ದವರು ಇವರೇ. ಕೈ ಹಿಂದೆ ಕಟ್ಟಿಕೊಂಡು ಕುದುರೆಗೆ ಒಂದು ಸುತ್ತು ಹಾಕಿದರು.

"ಏನ್ರೀ ಗೋಂದಣ್ಣ, ಇದು ಕುದುರೆ ಅಂತ ಯಾರು ಹೇಳಿದ್ದು? ನನ್ನ ಕಣ್ಣಿಗೆ ಆಡಿನ ಹಾಗೆ ಕಾಣ್ತಿದೆ."

"ಕುದುರೆಯ ಪೂರ್ವಜ ಸಾರ್ ಇದು."

"ಇರಬಹುದು. ನಮ್ಮ ಪೂರ್ವಜರು ಕೋತಿ ಅಂತಾರೆ, ಹಾಗಂತ ನಾವು ಕೋತಿ ಫೋಟೋನ ಗೋಡೆಗೆ ಹಾಕ್ಕೋತೀವಾ? ಹೋಗಲಿ, ನಾಲ್ಕು ಗಂಟೆಗೆ ಮುಗಿಯುತ್ತಾ? ಕಡತ ಹೊರೋರಿಗೆ ಬರೋಕೆ ಹೇಳಿಬಿಟ್ಟಿದ್ದೀನಿ, ಅದಕ್ಕೇ ಕೇಳಿದೆ."

"ಮುಗಿಯುತ್ತೆ," ಎಂದ ಗೋಂದಣ್ಣ ಹಲ್ಲು ಕಚ್ಚಿಕೊಂಡು. ಆ ರಭಸಕ್ಕೆ ಕೈಯಲ್ಲಿದ್ದ ಬಲಗಾಲಿನ ಬೆರಳನ್ನು ಎಡಗಾಲಿಗೆ ಅಂಟಿಸಿಬಿಟ್ಟ. ಅದನ್ನು ಬಿಡಿಸಲು ಅರ್ಧ ಗಂಟೆ ಹಿಡಿಯಿತು.

ಅಂತೂ ಹನ್ನೆರಡೂವರೆಗೆ ನಾಲ್ಕು ಪಾದಗಳೂ ನೆಲ ಮುಟ್ಟಿದವು. ಕಾಲಿಗೆ ಮೂರರಂತೆ ಹನ್ನೆರಡು ಬೆರಳು, ಎಲ್ಲವೂ ಅದದರ ಜಾಗದಲ್ಲಿ. ಗೋಂದಣ್ಣ ಬೆವರು ಒರೆಸಿಕೊಳ್ಳಲು ಟವೆಲು ಎತ್ತಿಕೊಂಡ. ಟವೆಲಿನ ಮಡಿಕೆಯಿಂದ ಏನೋ ಟಕ್ಕೆಂದು ನೆಲಕ್ಕೆ ಬಿತ್ತು.

ಇನ್ನೊಂದು ಮೂಳೆ!

ಎರಡು ಹೆಬ್ಬೆರಳು ಸೇರಿಸಿದಷ್ಟು ಗಾತ್ರ. ಬಣ್ಣ ಅದೇ ಕಾಫಿಬೀಜದ್ದು. ಒಂದು ಮಗ್ಗುಲು ಜೇನುಗೂಡಿನಂತೆ ತೂತುತೂತಾಗಿತ್ತು, ಮುರಿದ ಮೂಳೆಯ ಒಳಭಾಗ ಇರುವಂತೆಯೇ. ಇನ್ನೊಂದು ಮಗ್ಗುಲು ಕುದುರೆಯ ಬೆನ್ನಿನ ಜೀನಿನಂತೆ ತಗ್ಗಾಗಿ, ಕನ್ನಡಿಯಷ್ಟು ನುಣುಪಾಗಿತ್ತು. ಏನೋ ಒಂದು ದುಂಡನೆಯದು ಬಹುಕಾಲ ಅದರ ಮೇಲೆ ಆಡಿರಬೇಕು. ಕೀಲಿನ ಮೂಳೆಗಲ್ಲದೆ ಇಂಥ ನುಣುಪು ಬೇರೆ ಯಾವುದಕ್ಕೆ ಬಂದೀತು?

ಗೋಂದಣ್ಣ ನಾಲ್ಕು ಪಾದಗಳನ್ನೂ ಬಿಚ್ಚಿದ. ಮತ್ತೆ ಜೋಡಿಸಿದ. ಒಂದು ಉಳಿಯಿತು. ಮುಂದಿನ ಎರಡು ಪಾದಗಳನ್ನು ಇನ್ನೊಮ್ಮೆ ಬಿಚ್ಚಿ ಜೋಡಿಸಿದ. ಅದೇ ಉಳಿಯಿತು. ಅವನಿಗೆ ಮೈ ಪರಚಿಕೊಳ್ಳುವಂತಾಯಿತು.

ಅಷ್ಟರಲ್ಲಿ ಸಂಗ್ರಹಾಲಯದ ವ್ಯಾನಿನ ಡ್ರೈವರ್ ಹೂಗುಚ್ಛ ಇಳಿಸಲು ಬಂದವನು, ನಿಂತು ನೋಡಿ, ಪರಿಹಾರ ಸೂಚಿಸಿದ. "ಅದಕ್ಕ್ಯಾಕಣ್ಣ ಇಷ್ಟು ಒದ್ದಾಡ್ತೀಯಾ? ಸ್ಟೆಪ್ನಿ ಇರಬೇಕು ಬಿಡು."

"ಪ್ರಾಣಿಗೆ ಸ್ಟೆಪ್ನಿ ಇರುತ್ತಾ?"

"ಮೂರು ಕೋಟಿ ವರ್ಷದ ಹಿಂದೆ ರೋಡು ಹೇಗಿತ್ತೋ ಏನೋ! ನಾನು ಒಂದು ಸಲ ಎಂಜಿನ್ ಬಿಚ್ಚಿ ಜೋಡಿಸಿದಾಗ ಏಳು ನಟ್ಟು ಉಳೀತು. ಡಬ್ಬಿಗೆ ಹಾಕಿಟ್ಟೆ. ಗಾಡಿ ಇವತ್ತಿಗೂ ಓಡ್ತಾ ಇದೆ."

ಆ ವ್ಯಾನಿನಲ್ಲಿ ಇನ್ನು ಮುಂದೆ ಹತ್ತಬಾರದು ಎಂದು ಗೋಂದಣ್ಣ ಮನಸ್ಸಿನಲ್ಲೇ ಬರೆದುಕೊಂಡ. ಆದರೆ ಡಬ್ಬಿಯ ಮಾತು ಅವನಿಗೆ ಹಿಡಿಸಿತು. ಡ್ರೈವರ್ ಅತ್ತ ಹೋದಮೇಲೆ ಸುತ್ತ ನೋಡಿ, ಆ ಮೂಳೆಯನ್ನು ಮೆಲ್ಲನೆ ಅಂಗಿಯ ಜೇಬಿಗೆ ಇಳಿಬಿಟ್ಟ. ಒಂದು ವಾರ ಕಳೆಯಲಿ, ಕಿಟಕಿಯ ಬೆಳಕಿನಲ್ಲಿ ಕುಳಿತು ಇದರ ಜಾತಕ ನೋಡೋಣ ಎಂಬುದು ಅವನ ಎಣಿಕೆ.

"ಅಯ್ಯಯ್ಯೋ! ಸಂಗ್ರಹಾಲಯದ ಆಸ್ತಿ ಜೇಬಿಗೆ!" ಕಂಬದ ಹಿಂದಿನಿಂದ ಗುಮಾಸ್ತರು ಹೊರಬಿದ್ದರು. ಅವರು ಎಷ್ಟು ಹೊತ್ತಿನಿಂದ ಅಲ್ಲಿದ್ದರೋ, ಆ ಕಂಬಕ್ಕೇ ಗೊತ್ತು. "ಹನ್ನೊಂದು ವರ್ಷದಿಂದ ಹೀಗೇನಾ ನಡೀತಿರೋದು?"

"ಸಾರ್, ಇದು ಎಲ್ಲಿಯದು ಅಂತ ಗೊತ್ತಾಗ್ತಿಲ್ಲ..."

"ಎಲ್ಲಿಯದು ಅಂತ ಗೊತ್ತಿಲ್ಲ, ಎಲ್ಲಿಗೆ ಹೋಗ್ತಿದೆ ಅಂತ ಮಾತ್ರ ಚೆನ್ನಾಗಿ ಕಾಣ್ತಿದೆ. ಸಾರ್! ಒಂದು ನಿಮಿಷ ಬನ್ನಿ ಇಲ್ಲಿ!"

ಮುಖ್ಯಸ್ಥರು ಬಂದರು. ಹೊಸ ಕೋಟಿನ ಬಿಗಿಗೆ ಅವರ ಕೈಗಳು ದೇಹದಿಂದ ಒಂದು ಗೇಣು ದೂರದಲ್ಲಿ ನಿಂತಿದ್ದವು. ಗುಮಾಸ್ತರು ದಾಖಲೆ ಪುಸ್ತಕ ತರಿಸಿ ತೆರೆದರು. ಅದರಲ್ಲಿ ಬರೆದಿದ್ದದ್ದು ಇಷ್ಟೇ: ಪಾದದ ಮೂಳೆ, ಒಂದು ಪೆಟ್ಟಿಗೆ.

"ಒಂದು ಪೆಟ್ಟಿಗೆ ಅಂದರೆ ಪೆಟ್ಟಿಗೆಯಲ್ಲಿದ್ದದ್ದೆಲ್ಲ," ಎಂದರು ಗುಮಾಸ್ತರು, ಗೋಂದಣ್ಣನ ಜೇಬನ್ನೇ ನೋಡುತ್ತ. "ಒಂದು ಹೊರಗೆ ಉಳಿದರೂ ಕುದುರೆ ಪೂರ್ತಿ ಆದ ಹಾಗಲ್ಲ. ಪೂರ್ತಿ ಆಗದೆ ಇದ್ದರೆ ಕೋಣೆಯ ವಿಷಯ..."

"ಸಾರ್, ಇದು ಇಲ್ಲಿಯದೇ ಅಲ್ಲವೇನೋ. ನಂಗೆ ಒಂದು ದಿನ ಕೊಡಿ."

"ಒಂದು ದಿನ?" ಮುಖ್ಯಸ್ಥರ ಧ್ವನಿ ಕೋಟಿನ ಗುಂಡಿಯಂತೆ ಈಗಲೋ ಆಗಲೋ ಸಿಡಿಯುವಂತಿತ್ತು. "ಅನಾವರಣಕ್ಕೆ ಕರೆದಿರೋ ಪ್ರಾಧ್ಯಾಪಕರು ಮನೆಯಿಂದ ಹೊರಟಾಯ್ತು ಕಣ್ರೀ! ಎಲ್ಲಾದರೂ ಅಂಟಿಸಿ. ಹಿಂದುಗಡೆ, ಗೋಡೆ ಕಡೆಗೆ, ಯಾರ ಕಣ್ಣಿಗೂ ಬೀಳದ ಹಾಗೆ. ಅಂಟಿಸೋದು ನಿಮ್ಮ ಕೆಲಸ ತಾನೇ?"

ಗೋಂದಣ್ಣ ಗೋಡೆಯ ಕಡೆಯ ಹಿಂಗಾಲಿನ ಹತ್ತಿರ ಮಂಡಿಯೂರಿ, ಬೇಸರದಿಂದಲೇ ಆ ಮೂಳೆಯನ್ನು ಅಲ್ಲೊಂದು ಇಲ್ಲೊಂದು ಕಡೆ ಹಿಡಿದು ನೋಡಿದ. ಮೂರನೆಯ ಬೆರಳಿನ ಪಕ್ಕ, ಪಾದದ ಉದ್ದನೆಯ ಮೂಳೆಯ ಹಿಂಬದಿಯ ಉಬ್ಬಿಗೆ ಅದರ ತಗ್ಗು ಹೇಗೆ ಕೂತಿತೆಂದರೆ, ಅವನ ಕೈಯೇ ಬೆಚ್ಚಿತು. ತಾಯಿಯ ಸೊಂಟದ ಮೇಲೆ ಮಗು ಕೂತ ಹಾಗೆ! ಗೋಂದೇ ಬೇಡವೆನ್ನಿಸಿತು. ಆದರೂ ಎರಡು ತೊಟ್ಟು ಹಾಕಿದ.

"ಗೋಂದಣ್ಣ," ಎಂದು ಹಿಂದಿನಿಂದ ದೊಡ್ಡಮ್ಮನ ಧ್ವನಿ. ಹಜಾರದ ಬೆಂಚುಗಳ ಕೆಳಗೆಲ್ಲ ಬಗ್ಗಿ ನೋಡುತ್ತ ಬಂದಿದ್ದಳು. "ಬೆಳಿಗ್ಗೆಯಿಂದ ಹುಡುಕ್ತಾ ಇದ್ದೀನಿ ಕಣಪ್ಪ, ನಿನ್ನ ಆ ಟವೆಲಲ್ಲಿ ಏನಾದ್ರೂ..."

"ದೊಡ್ಡಮ್ಮ! ಸಂಜೆ ಹೇಳಿ! ಎಲ್ಲಾ ಸಂಜೆ!"

"ಸಂಜೆಗೆ ನನ್ನ ಕಾಲು ಇರುತ್ತೋ ಇಲ್ವೋ," ಎಂದು ಆಕೆ ಕುಂಟುತ್ತ ಹೊರಟುಹೋದಳು.

ನಾಲ್ಕು ಗಂಟೆಗೆ ಸರಿಯಾಗಿ ನಿವೃತ್ತ ಪ್ರಾಧ್ಯಾಪಕರು ಬಂದರು. ಈ ಮೂರು ಬೆರಳಿನ ಕುದುರೆಯ ಪಾದಗಳನ್ನೇ ಜೀವಮಾನವೆಲ್ಲ ಬಗ್ಗಿ ನೋಡಿ ನೋಡಿ ಅವರ ಬೆನ್ನು ಹಾಗೆಯೇ ಬಾಗಿ ನಿಂತುಬಿಟ್ಟಿತ್ತು. ಹೀಗಾಗಿ ಹಜಾರದೊಳಗೆ ಬಂದ ಅತಿಥಿಗಳಲ್ಲಿ ಎಲ್ಲರೂ ಮೊದಲು ಕುದುರೆಯ ತಲೆಯನ್ನು ನೋಡಿದರೆ, ಅವರೊಬ್ಬರು ಮೊದಲು ನೋಡಿದ್ದು ಪಾದಗಳನ್ನು. ಅವರೊಬ್ಬರನ್ನು ಬಿಟ್ಟು ಬೇರೆ ಯಾರೂ ಗೋಡೆಯ ಕಡೆಗೆ ಹೋಗುತ್ತಲೂ ಇರಲಿಲ್ಲ.

ಪರದೆ ಸರಿಯಿತು. ಚಪ್ಪಾಳೆಯಾಯಿತು. ಪ್ರಾಧ್ಯಾಪಕರು ಕೋಲೂರಿಕೊಂಡು ಒಂದು ಸುತ್ತು ಬಂದರು. ಗೋಡೆಯ ಕಡೆಯ ಹಿಂಗಾಲಿನ ಬಳಿ ನಿಂತರು.

"ಅಯ್ಯೋ!" ಎಂದು ಕೂಗಿ ಪ್ರಾಧ್ಯಾಪಕರು ನೆಲಕ್ಕೆ ಕುಸಿದರು.

"ನೀರು! ನೀರು!" ಎಂದರು ಯಾರೋ.

"ನೀರು ಬೇಡ, ಭೂತಗನ್ನಡಿ ಕೊಡಿ!" ಎಂದರು ನೆಲದಿಂದ ಪ್ರಾಧ್ಯಾಪಕರು. ಭೂತಗನ್ನಡಿ ಕೈಗೆ ಬಂತು. ಅವರು ಆ ತಗ್ಗನ್ನು ನೋಡಿದರು, ನುಣುಪನ್ನು ನೋಡಿದರು, ತೂತುಗಳನ್ನು ನೋಡಿದರು. ತಿರುಗಿದಾಗ ಅವರ ಕೆನ್ನೆ ಒದ್ದೆಯಾಗಿತ್ತು. "ನಾಲ್ಕನೇ ಬೆರಳು! ಇದಕ್ಕೂ ಮುಂಚಿನ ಕುದುರೆಗೆ ಇದ್ದ ನಾಲ್ಕನೇ ಬೆರಳಿನ ಕುರುಹು ಇದರ ನಾಲ್ಕು ಕಾಲಲ್ಲೂ ಉಳಿದಿರಲೇಬೇಕು ಅಂತ ನಲವತ್ತು ವರ್ಷದಿಂದ ಹೇಳ್ತಾ ಬಂದೆ. ನಲವತ್ತು ವರ್ಷ ನಕ್ಕರು ಕಣ್ರೀ ನನ್ನ ನೋಡಿ! ಯಾರು? ಇದನ್ನ ಯಾರು ಜೋಡಿಸಿದ್ದು?"

ಗುಮಾಸ್ತರು ಗೋಂದಣ್ಣನತ್ತ ಬೆರಳು ತೋರಿಸಿದರು. ತಪ್ಪು ಹೊರಿಸಲೆಂದೇ ಎತ್ತಿದ್ದ ಬೆರಳು; ಸನ್ನಿವೇಶ ತಿರುಗಿದ್ದರಿಂದ ಅದು ಪರಿಚಯವಾಗಿ ಮಾರ್ಪಟ್ಟಿತು.

ಪ್ರಾಧ್ಯಾಪಕರು ಅವನ ಎರಡು ಕೈಗಳನ್ನೂ ಹಿಡಿದುಕೊಂಡರು. ಗೋಂದು ಇನ್ನೂ ಹಸಿಯಾಗಿದ್ದುದರಿಂದ ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. "ಬೇರೆ ಯಾರೇ ಆಗಿದ್ದರೂ ಇದನ್ನ ಜೇಬಿಗೆ ಹಾಕ್ಕೊಂಡು ಸುಮ್ಮನಿದ್ದುಬಿಡ್ತಿದ್ದರು. ನೀವು ಪ್ರಾಮಾಣಿಕರು!"

ಮುಖ್ಯಸ್ಥರ ಮುಖ ಅರಳಿತು. ಕೋಟಿನ ಒಂದು ಗುಂಡಿ ಹಾರಿಯೇ ಹೋಯಿತು. ಅವರು ಜೇಬಿನಿಂದ ನಕ್ಷೆಗಳ ಕೋಣೆಯ ಬೀಗದ ಕೈ ಹೊರತೆಗೆದರು. ಗೋಂದಣ್ಣನ ಕಣ್ಣಿಗೆ ಮರವೂ ಆಕಾಶವೂ ಒಟ್ಟಿಗೇ ಕಂಡವು. ಅವನ ಕೈ ತಾನಾಗಿಯೇ ಮುಂದೆ ಚಾಚಿತು. ಬೀಗದ ಕೈ ಆ ಕೈಯ ಮೇಲಿಂದಲೇ ಹಾದು ಪ್ರಾಧ್ಯಾಪಕರ ಅಂಗೈ ಸೇರಿತು.

"ತಾವು ದಿನಾ ಬಂದು ಈ ಬೆರಳಿನ ಅಧ್ಯಯನ ಮಾಡಬೇಕು ಸಾರ್. ನಮ್ಮಲ್ಲಿ ಒಳ್ಳೆಯ ಬೆಳಕಿರೋ ಕೋಣೆ ಇದೊಂದೇ."

"ಖಂಡಿತ. ಆದರೆ ಒಂದು ಬೆರಳಿಂದ ಸಾಕಾಗಲ್ಲ," ಎಂದರು ಪ್ರಾಧ್ಯಾಪಕರು. "ಒಂದು ಕಾಲಲ್ಲಿ ಇದೆ ಅಂದಮೇಲೆ ಇನ್ನು ಮೂರು ಕಾಲಲ್ಲೂ ಇದ್ದವು. ನಿಮ್ಮ ನೆಲಮಾಳಿಗೆಯ ಪೆಟ್ಟಿಗೆಗಳಲ್ಲೇ ಎಲ್ಲೋ ಇರಬೇಕು."

"ಗೋಂದಣ್ಣ ಹುಡುಕ್ತಾರೆ. ಮೂರೂ ಸಿಗೋವರೆಗೆ ನೆಲಮಾಳಿಗೆ ಬಿಟ್ಟು ಅಲ್ಲಾಡಲ್ಲ. ಅಲ್ವಾ ಗೋಂದಣ್ಣ? ಅವು ಸಿಕ್ಕ ದಿನ ಸಾರ್ ಅವರ ಕೆಲಸವೂ ಮುಗಿಯುತ್ತೆ, ಕೋಣೆ ನಿಮ್ಮದಾಗುತ್ತೆ. ನನ್ನ ಮಾತು ಮಾತೇ."

ಗೋಂದಣ್ಣ ಉತ್ತರವಾಗಿ ಕೆಮ್ಮಿದ. ಅದನ್ನು ಎಲ್ಲರೂ ಒಪ್ಪಿಗೆಯೆಂದು ತಿಳಿದರು.

ಸಂಜೆ ಐದೂವರೆಗೆ ಅವನು ನೆಲಮಾಳಿಗೆಯಲ್ಲಿ ಮೊದಲನೆಯ ಪೆಟ್ಟಿಗೆಯ ಮುಚ್ಚಳ ತೆಗೆಯುತ್ತಿದ್ದಾಗ ದೊಡ್ಡಮ್ಮ ಬಂದು ಮೆಟ್ಟಿಲ ಮೇಲೆ ಕುಳಿತಳು.

"ಸಂಜೆ ಆಯ್ತು. ಈಗಲಾದ್ರೂ ಕೇಳಬಹುದಾ?"

"ಕೇಳಿ ದೊಡ್ಡಮ್ಮ."

"ನಿನ್ನೆ ಆ ಮೂಳೆ ತೊಳೆಯೋವಾಗ ಸೋಪಿಗೆ ಆ ಶಾಯಿ ಹೋಗಲೇ ಇಲ್ಲ ಕಣಪ್ಪ. ಕೊನೆಗೆ ನನ್ನ ಹಿಮ್ಮಡಿ ಉಜ್ಜೋ ಕಲ್ಲು ತಂದು ಉಜ್ಜಿದೆ. ಆಮೇಲೆ ಅದು ಎಲ್ಲಿ ಹೋಯ್ತೋ, ಟಬ್ಬಲ್ಲೂ ಇಲ್ಲ, ಬಚ್ಚಲಲ್ಲೂ ಇಲ್ಲ. ಒಂದು ದಿನ ಉಜ್ಜದೆ ಇದ್ದರೆ ನನ್ನ ಹಿಮ್ಮಡಿ ಒಡೆದು ಕಾಲಿಡೋಕೆ ಆಗಲ್ಲ. ನೀನೇನಾದ್ರೂ ನೋಡಿದ್ಯಾ?"

ಗೋಂದಣ್ಣನ ಕೈಯಿಂದ ಮುಚ್ಚಳ ಜಾರಿತು. "ಕಲ್ಲು... ಹೇಗಿತ್ತು?"

"ಕಂದು ಬಣ್ಣ. ಒಂದು ಕಡೆ ತೂತುತೂತು. ಇನ್ನೊಂದು ಕಡೆ ತಗ್ಗು. ತಂದಾಗ ಚಪ್ಪಟೆ ಇತ್ತಪ್ಪ. ಇಪ್ಪತ್ತು ವರ್ಷ ಉಜ್ಜಿ ಉಜ್ಜಿ ನನ್ನ ಹಿಮ್ಮಡಿಯ ಅಳತೆಗೇ ಸವೆದು ಕೂತಿತ್ತು."

ಗೋಂದಣ್ಣ ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ ಹಜಾರಕ್ಕೆ ಓಡಿದ. ಕುದುರೆಯ ಸುತ್ತ ಆಗಲೇ ಗಾಜು ನಿಲ್ಲಿಸಿ ಬೀಗ ಜಡಿದಾಗಿತ್ತು. ಗಾಜಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಪ್ರಾಧ್ಯಾಪಕರು ಒಬ್ಬರೇ ಕುಳಿತು ಫೋನಿನಲ್ಲಿ ಮಾತಾಡುತ್ತಿದ್ದರು.

"ಸಿಕ್ತು ಕಣೇ... ಹೌದು, ನಾಲ್ಕನೇದು... ಇಲ್ಲ, ಅಳ್ತಾ ಇಲ್ಲ, ಶೀತ ಆಗಿದೆ... ನಲವತ್ತು ವರ್ಷದಲ್ಲಿ ನಗದೆ ಇದ್ದವಳು ನೀನೊಬ್ಬಳೇ ಅಲ್ವಾ, ಅದಕ್ಕೆ ಮೊದಲು ನಿನಗೇ ಹೇಳ್ತಿದ್ದೀನಿ."

ಗೋಂದಣ್ಣ ಬಾಯಿ ತೆರೆದ. ಗಾಜಿನಾಚೆಯ ಆ ಹಿಂಗಾಲನ್ನು ನೋಡಿದ, ಪ್ರಾಧ್ಯಾಪಕರ ಬಾಗಿದ ಬೆನ್ನನ್ನು ನೋಡಿದ. ಬಾಯಿ ಮುಚ್ಚಿ, ಬಂದ ದಾರಿಯಲ್ಲೇ ಇಳಿದುಹೋದ.

"ಸಿಕ್ತಾ?" ಎಂದಳು ದೊಡ್ಡಮ್ಮ.

"ಇಲ್ಲ ದೊಡ್ಡಮ್ಮ. ಹೊಸದು ತಂದುಕೊಡ್ತೀನಿ."

"ಹೊಸದು ಹಿಮ್ಮಡಿಗೆ ಒಗ್ಗೋಕೆ ಎಷ್ಟು ವರ್ಷ ಬೇಕು ಗೊತ್ತಾ?"

"ಗೊತ್ತು," ಎಂದ ಗೋಂದಣ್ಣ. "ಅದನ್ನೇ ಲೆಕ್ಕ ಹಾಕ್ತಾ ಇದ್ದೀನಿ." ಅವನ ನಿವೃತ್ತಿಗೆ ಇನ್ನು ಹದಿನಾಲ್ಕು ವರ್ಷವಿತ್ತು.

ಮನೆಗೆ ಹೋಗುವ ದಾರಿಯಲ್ಲಿ ಹೆಂಡತಿಯ ಫೋನು ಬಂತು. "ಕಿಟಕಿ ಸಿಕ್ತೇನ್ರೀ?"

"ಸಿಗುತ್ತೆ. ಸ್ವಲ್ಪ ಉಜ್ಜಬೇಕು."

"ಗಾಜು ಅಷ್ಟೊಂದು ಕೊಳೆಯಾಗಿದ್ಯಾ?"

ಗೋಂದಣ್ಣ ಫೋನು ಜೇಬಿಗಿಟ್ಟು, ಬೀದಿಯ ಮೂಲೆಯಲ್ಲಿದ್ದ ಪಾತ್ರೆ, ಪೊರಕೆ, ಸೋಪು ಮಾರುವ ಅಂಗಡಿಯ ಮುಂದೆ ನಿಂತ.

"ಹಿಮ್ಮಡಿ ಉಜ್ಜೋ ಕಲ್ಲು ಕೊಡಿ. ಕಂದು ಬಣ್ಣದ್ದು. ನಾಲ್ಕು."

"ನಾಲ್ಕಾ?" ಅಂಗಡಿಯವನು ಕೌಂಟರಿನ ಮೇಲಿಂದ ಬಗ್ಗಿ ಗೋಂದಣ್ಣನ ಕಾಲುಗಳನ್ನು ಎಣಿಸುವವನಂತೆ ನೋಡಿದ. "ಒಂದು ಸಾಕು ಸ್ವಾಮಿ. ಗಟ್ಟಿ ಮಾಲು. ದಿನಾ ಉಜ್ಜಿದರೂ ಇಪ್ಪತ್ತು ವರ್ಷ ಸವೆಯಲ್ಲ."

"ಮೆತ್ತಗಿನದು ಇದೆಯಾ?" ಎಂದ ಗೋಂದಣ್ಣ.